ಘಟ್ಟ ಇಳಿಯುವ ಮೊದಲು ಮಾವನಿಗೊಂದು ಫೋನ್

ಹೋದ ಅಕ್ಟೋಬರಿನಲ್ಲಿ ಮಡಿಕೇರಿಗೆ ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಇತ್ತು. ನಾಲ್ಕು ದಿನದ ಕರಾವಳಿ ಪ್ರವಾಸ, ಬರೀ ಫೋಟೋ ತೆಗೆಯೋಕೆ. ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಾನೆ, ಯಾವ ದಿಕ್ಕಿಗೆ ಮುಳುಗುತ್ತಾನೆ, ಉಬ್ಬರ ಯಾವಾಗ, ಇಳಿತ ಯಾವಾಗ, ಯಾವ ಜಾಗಕ್ಕೆ ಯಾವ ಲೆನ್ಸ್, ಎಲ್ಲಾ ಬಣ್ಣ ಹಚ್ಚಿದ ಸಾಲುಗಳಲ್ಲಿ. ಅಮೆರಿಕದ ಸ್ಯಾನ್ ಹೋಸೆಯ ಮನೆಯಲ್ಲಿ ಕೂತು ಮೂರು ವಾರ ಮಾಡಿದ ಕೆಲಸ. ಸೋದರಮಾವ ಕನ್ನಡಕ ಏರಿಸಿಕೊಂಡು ನೋಡಿದರು.

"ಎಂತ ಮಾರಾಯ ಇದು, ಕಾಫಿ ಕ್ಯೂರಿಂಗ್ ಲೆಕ್ಕದ ಹಾಗೆ ಉಂಟಲ್ಲ" ಅಂದರು. ಆಮೇಲೆ ಎರಡನೇ ಸಾಲಿನ ಮೇಲೆ ಬೆರಳಿಟ್ಟರು. "ಹದಿನೇಳಕ್ಕೆ ಭಾಗಮಂಡಲದ ಮೇಲೆ ಹೋಗ್ತೀಯಾ?"

ಹೌದು ಮಾವ, ಭಾಗಮಂಡಲ, ಕರಿಕೆ, ಪಾಣತ್ತೂರು, ಅಲ್ಲಿಂದ ಕಾಞಂಗಾಡ್, ಸಂಜೆಗೆ ಬೇಕಲ ಕೋಟೆ ಅಂದೆ.

"ಅವತ್ತು ಕಾವೇರಿ ಸಂಕ್ರಮಣ."

ಮುಗಿಯಿತು. ಕೊಡಗಿನಲ್ಲಿ ಹುಟ್ಟಿದವನು ನಾನು. ತಲಕಾವೇರಿಯಲ್ಲಿ ತೀರ್ಥೋದ್ಭವದ ದಿನ ಆ ರಸ್ತೆಯಲ್ಲಿ ಎಷ್ಟು ಜನ, ಎಷ್ಟು ಗಾಡಿ ಅಂತ ಚಿಕ್ಕಂದಿನಿಂದ ನೋಡಿದವನು. ಸೂರ್ಯಾಸ್ತವನ್ನು ನಿಮಿಷದ ಲೆಕ್ಕದಲ್ಲಿ ಬರೆದ ಹಾಳೆಯಲ್ಲಿ ಸಂಕ್ರಮಣವೇ ಇರಲಿಲ್ಲ!

ಹದಿನಾಲ್ಕು ವರ್ಷದಿಂದ ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಲ್ಲಿನ ಕಡಲ ರಸ್ತೆ, ಹೈವೇ ಒನ್, ನನಗೆ ಮನೆ ಅಂಗಳದ ಹಾಗೆ. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್‌ವರೆಗೆ ಸುಮಾರು 145 ಕಿಲೋಮೀಟರ್. ನಡುವೆ ಬಿಗ್ ಸರ್, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೇರ ಕೆಳಗೆ ಕಡಲು. ಮಡಿಕೇರಿಯಿಂದ ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿಯ ಕಡಲೂ ಪಶ್ಚಿಮಕ್ಕೇ. ಸೂರ್ಯ ನೀರಿಗೇ ಇಳಿಯುತ್ತಾನೆ. ಹಾಗಾಗಿ ಅಲ್ಲಿ ಕಲಿತದ್ದೆಲ್ಲ ಇಲ್ಲಿ ನಡೆಯುತ್ತದೆ ಅಂದುಕೊಂಡಿದ್ದೆ.

ಒಂದು ಪಾಠ ಮಾತ್ರ ನಿಜಕ್ಕೂ ನಡೆಯುತ್ತದೆ, ಆದರೆ ತಲೆಕೆಳಗಾಗಿ. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ. ಅದಕ್ಕೆ ಫೋಟೋ ತೆಗೆಯುವವರು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಾರೆ. ಕಡಲು ನಿಮ್ಮ ಬದಿಗೇ ಇರುತ್ತದೆ, ಬೇಕಾದಲ್ಲಿ ಸರಕ್ಕನೆ ಪಕ್ಕಕ್ಕೆ ನಿಲ್ಲಿಸಬಹುದು, ಎದುರಿನ ಗಾಡಿಗಳನ್ನು ದಾಟಬೇಕಾಗಿಲ್ಲ. ನಮ್ಮಲ್ಲಿ ಗಾಡಿ ಎಡಕ್ಕೆ. ಕಡಲು ಎಡಗಡೆ ಸಿಗಬೇಕು ಅಂದರೆ ದಕ್ಷಿಣದಿಂದ ಉತ್ತರಕ್ಕೆ ಹೋಗಬೇಕು. ಅಂದರೆ ಮಂಗಳೂರಿನಿಂದ ಕಾರವಾರದ ಕಡೆಗೆ. ಕೊಡಗಿನವರಿಗೆ ಇದು ಅನುಕೂಲವೇ, ಸಂಪಾಜೆ ಘಟ್ಟ ಇಳಿದರೆ ಸೀದಾ ಕೆಳತುದಿಗೆ ಬಂದು ಬಿಡುತ್ತೇವೆ. ಆದರೆ ಗೋಕರ್ಣ ಮೊದಲು ಮುಗಿಸಿ ಆಮೇಲೆ ಕೆಳಗೆ ಬರುವವರೇ ಜಾಸ್ತಿ. ಬಂದವರು ಮರವಂತೆಯಲ್ಲಿ ರಸ್ತೆಗೆ ಅಡ್ಡ ಓಡುತ್ತಾರೆ, ಕೈಯಲ್ಲಿ ಟ್ರೈಪಾಡ್, ಹಿಂದೆ ಹಾರ್ನ್ ಹೊಡೆಯುವ ಲಾರಿ.

ಮರವಂತೆಯ ವಿಷಯ ಹೇಳಲೇಬೇಕು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಇಂಥ ಜಾಗ ಬಿಗ್ ಸರ್‌ನಲ್ಲೂ ಇಲ್ಲ. ಆದರೆ ಅಲ್ಲಿ ರಸ್ತೆ ಕಟ್ಟಿದವರು ನೋಡುವವರನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಅಲ್ಲಲ್ಲಿ ಅಗಲ ಮಾಡಿದ ಜಾಗ, "ವಿಸ್ಟಾ ಪಾಯಿಂಟ್" ಅಂತ ಫಲಕ, ಗಾಡಿ ನಿಲ್ಲಿಸಿ ಉಸಿರಾಡಬಹುದು. ನಮ್ಮ ನಾಲ್ಕು ಪಥದ ಹೆದ್ದಾರಿಗೆ ಬೇಗ ಮುಟ್ಟಿಸುವುದೊಂದೇ ಕೆಲಸ. ಕಡಲು ಕಂಡಷ್ಟು ಹೊತ್ತು ಕಾಣುತ್ತದೆ, ಕೊರೆತಕ್ಕೆ ಹಾಕಿದ ಕಲ್ಲುಗಳ ಆಚೆ, ಆಮೇಲೆ ಟೋಲ್ ಗೇಟ್. ಹಾಗಾಗಿ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ: 66ರಲ್ಲಿ ಓಡಾಡಿ, ಫೋಟೋ ತೆಗೆಯೋಕೆ ಹೆದ್ದಾರಿ ಬಿಟ್ಟು ಒಳಗೆ ಹೋಗಿ. ಮಲ್ಪೆಯಿಂದ ಪಡುಕೆರೆ, ಮಟ್ಟು ಕಡೆಗೆ ಹೋಗುವ ಸಣ್ಣ ರಸ್ತೆ ಇದೆ. ಅದೂ ಹೊಳೆ ಮತ್ತು ಕಡಲಿನ ನಡುವೆಯೇ, ಆದರೆ ಲಾರಿ ಇಲ್ಲ. ಅಲ್ಲಿ ತೆಂಗಿನ ಮರದ ನೆರಳು ಸಂಜೆ ಹೊತ್ತಿಗೆ ರಸ್ತೆ ದಾಟಿ ಹೊಳೆಗೆ ಬೀಳುತ್ತದೆ.

ನನ್ನ ಹಾಳೆಯಲ್ಲಿ ಪಡುಕೆರೆ ಇರಲಿಲ್ಲ. ಅದನ್ನು ಸೇರಿಸಿದ್ದು ಮಾವ. ಅವರ ಪರಿಚಯದ ಒಣಮೀನಿನ ವ್ಯಾಪಾರಿ ಒಬ್ಬರು ಅಲ್ಲಿದ್ದಾರೆ.

ಮಾವನ ಯೋಜನೆಯ ದಾರಿಯೇ ಬೇರೆ. ಕೊಡಗಿನ ತೋಟದವರಿಗೆಲ್ಲ ಇರುವ ಹಾಗೆ ಅವರ ಹತ್ತಿರ ಮಳೆ ಲೆಕ್ಕದ ಪುಸ್ತಕ ಇದೆ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ, ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ನೋಡಿ ಬರೆಯುವುದು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ). ಮಿಲಿಮೀಟರ್ ಅಂದರೆ ನಗುತ್ತಾರೆ. ಸಂಕ್ರಮಣದ ಆಸುಪಾಸಿನ ಪುಟಗಳನ್ನು ಹಿಂದಿನ ಹತ್ತು ವರ್ಷದ್ದು ತೆಗೆದು ನನ್ನ ಮುಂದೆ ಇಟ್ಟರು. ಬಹಳ ದಿನಗಳಿಗೆ ಪಕ್ಕದಲ್ಲಿ "ಮಧ್ಯಾಹ್ನ, ಗುಡುಗು" ಅಂತ ಬರೆದಿತ್ತು. "ಬೆಳಿಗ್ಗೆಯೇ ಘಟ್ಟ ಇಳಿದು ಬಿಡು. ಮೂರು ಗಂಟೆ ಮೇಲೆ ಸಂಪಾಜೆಯಲ್ಲಿ ಎಂತದೂ ಕಾಣುದಿಲ್ಲ. ಆದರೆ ಆ ಮೋಡ ಇದ್ರೆ ಕೆಳಗೆ ಸಂಜೆ ಬಣ್ಣ ಬರ್ತದೆ." ನನ್ನ ಹವಾಮಾನದ ಆ್ಯಪ್ ಮಾತ್ರ ನಾಲ್ಕು ದಿನಕ್ಕೂ ಒಂದೇ ಚಿತ್ರ ತೋರಿಸುತ್ತಿತ್ತು, ಅರ್ಧ ಸೂರ್ಯ, ಅರ್ಧ ಮೋಡ, ಎರಡು ಹನಿ.

ಆಮೇಲೆ ಸಂಪಾಜೆಯ ಹೋಟೆಲಿನವರಿಗೆ ಫೋನ್. ರಸ್ತೆ ಹೇಗುಂಟು? ಮದೆನಾಡಿನ ಹತ್ತಿರ ಕೆಲಸ ನಡೆಯುತ್ತಿದೆಯಾ? ಎರಡು ನಿಮಿಷದ ಮಾತು.

ಇದನ್ನು ನಾನು ಸುಮ್ನೆ ಹೊಗಳುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಬೆಟ್ಟ ಜಾರುತ್ತದೆ. 2017ರ ಮೇ ತಿಂಗಳಲ್ಲಿ ಬಿಗ್ ಸರ್‌ನ ಮಡ್ ಕ್ರೀಕ್ ಹತ್ತಿರ ಇಡೀ ಗುಡ್ಡವೇ ಕಡಲಿಗೆ ಇಳಿದು ರಸ್ತೆ ಮುಚ್ಚಿಹೋಯಿತು. ಮತ್ತೆ ತೆರೆದದ್ದು 2018ರ ಜುಲೈಯಲ್ಲಿ. ಅದರ ಮುಂದಿನ ತಿಂಗಳೇ ನಮ್ಮ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಯಲ್ಲಿ ಗುಡ್ಡ ಜಾರಿತು. ಜನ ಸತ್ತರು, ಮನೆ ಹೋದವು, ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತು. ಅಲ್ಲಿನ ರಸ್ತೆ ಇಲಾಖೆ ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿಗೆ ರಸ್ತೆ ಬಂದ್ ಅಂತ ನೆಟ್‌ನಲ್ಲಿ ಹಾಕುತ್ತಲೇ ಇರುತ್ತದೆ. ಅಲ್ಲಿ ಹೊರಡುವ ಮೊದಲು ಅದನ್ನು ನೋಡದವನು ದಡ್ಡ. ಅಂಥ ವ್ಯವಸ್ಥೆ ನಮಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾವನಿಲ್ಲದವರು ಯಾರಿಗೆ ಫೋನ್ ಮಾಡಬೇಕು?

ಆದರೆ ಅಲ್ಲಿನ ಪದ್ಧತಿಯಲ್ಲಿ ನನಗೆ ಈಗ ಹಿಡಿಸದ್ದೂ ಇದೆ. ಬಿಗ್ ಸರ್‌ನ ಸರ್ಕಾರಿ ಪಾರ್ಕುಗಳಲ್ಲಿ ಟೆಂಟ್ ಜಾಗಕ್ಕೆ ಆರು ತಿಂಗಳ ಮೊದಲೇ ಬುಕ್ ಮಾಡಬೇಕು. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕಾದು ಕೂತರೂ ಕ್ಷಣದಲ್ಲಿ ಖಾಲಿ. ಆರು ತಿಂಗಳ ನಂತರದ ಆಕಾಶ ಯಾರಿಗೆ ಗೊತ್ತು? ಒಮ್ಮೆ ಅಪ್ಪ ಅಮ್ಮ ಬಂದಿದ್ದಾಗ ಜುಲೈಗೆ ಬುಕ್ ಮಾಡಿದ್ದೆ. ಬೇಸಿಗೆ ಅಲ್ವಾ, ಬಿಸಿಲು ಇರುತ್ತದೆ ಅಂತ. ಅಲ್ಲಿ ಬೇಸಿಗೆಯಲ್ಲೇ ಕಡಲಿನಿಂದ ಮಂಜು ಎದ್ದು ದಡಕ್ಕೆ ಬಂದು ಕೂರುತ್ತದೆ, ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ಗಾಳಿ ಹಾಯುವುದರಿಂದ. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆ, ಜಗತ್ತಿನಲ್ಲೇ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಸೇತುವೆಗಳಲ್ಲಿ ಒಂದು, ಅದರ ಮುಂದೆ ನಿಂತು ಅಮ್ಮ ಹೇಳಿದ್ದು: "ಇದಕ್ಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ? ಈ ಮಂಜು ರಾಜಾಸೀಟಲ್ಲೇ ಇತ್ತಲ್ಲ."

ನಮ್ಮವರ ತಪ್ಪು ಇದಕ್ಕೆ ಉಲ್ಟಾ. ಜಾಗಗಳನ್ನು ತುಂಬುವುದು. ಒಂದು ಇನೋವಾ, ಎಂಟು ಜನ, ಒಂದೇ ದಿನದಲ್ಲಿ ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ, ಸಾಧ್ಯವಾದರೆ ಮುರ್ಡೇಶ್ವರವೂ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಗಾಡಿಯೊಳಗೆ, ಎಡಗಡೆ ಕೂತವರ ಫೋನಿನಲ್ಲಿ ಕಿಟಕಿ ಗಾಜಿನ ಮೂಲಕ ಒಂದು ಕೆಂಪು ಚುಕ್ಕಿ. ಕ್ಯಾಮೆರಾ ಹಿಡಿದು ಹೋಗುವವನಿಗೆ ಇದು ಆಗುವುದಿಲ್ಲ. ಅವನಿಗೆ ಒಂದು ದಿನಕ್ಕೆ ಒಂದು ಸಂಜೆ, ಒಂದು ಸಂಜೆಗೆ ಒಂದೇ ಜಾಗ. ಅದರಲ್ಲೂ ನಮ್ಮ ಕಡೆ ಸಂಜೆ ಚಿಕ್ಕದು. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಒಂದು 22 ನಿಮಿಷ ಒಳ್ಳೆ ಬೆಳಕು, ಆಮೇಲೆ ಕತ್ತಲೆ. ಬಿಗ್ ಸರ್‌ನಲ್ಲಿ ಓರೆಯಾಗಿ ಇಳಿಯುತ್ತಾನೆ, ಬೆಳಕು ಅರ್ಧ ಗಂಟೆಯ ಹತ್ತಿರ ಎಳೆಯುತ್ತದೆ. ಅಲ್ಲಿ ಅಭ್ಯಾಸವಾದ ಕೈ ಇಲ್ಲಿ ನಿಧಾನ ಅನ್ನಿಸುತ್ತದೆ.

ನನ್ನ ಮೊದಲ ಸಂಜೆ ಹಾಗೇ ಹೋಯಿತು. ನಾನೂ ಮಾವನೂ ಪಡುಕೆರೆಗೆ ಐದೂವರೆಗೆ ಮುಟ್ಟಿದೆವು, ಮೋಡ ಮಾವ ಹೇಳಿದ ಹಾಗೇ ಇತ್ತು, ಹೊಟ್ಟೆ ಭಾಗ ಆಗಲೇ ಕೆಂಪಾಗುತ್ತಿತ್ತು. ಬ್ಯಾಗಿನಿಂದ ಕ್ಯಾಮೆರಾ ತೆಗೆದರೆ ಲೆನ್ಸ್ ಪೂರ್ತಿ ಬಿಳಿ. ಒರೆಸಿದೆ, ಮತ್ತೆ ಬಿಳಿ. ದಿನವೆಲ್ಲ ಎಸಿ ಗಾಡಿಯಲ್ಲಿ ತಣ್ಣಗಾದ ಗಾಜಿಗೆ ಕರಾವಳಿಯ ಬೆಚ್ಚನೆಯ ಹಸಿ ಗಾಳಿ ತಗುಲಿದರೆ ಆಗುವುದೇ ಅದು. ಒರೆಸಿ ಪ್ರಯೋಜನ ಇಲ್ಲ, ಗಾಜು ಬೆಚ್ಚಗಾಗುವವರೆಗೆ ಕಾಯಬೇಕು. ಬಿಗ್ ಸರ್‌ನಲ್ಲಿ ಕಡಲ ಗಾಳಿಯೇ ತಣ್ಣಗಿರುತ್ತದೆ, ಈ ತೊಂದರೆ ನನಗೆ ಅಲ್ಲಿ ಬಂದದ್ದೇ ಇಲ್ಲ. ಇಪ್ಪತ್ತು ನಿಮಿಷ ಕ್ಯಾಮೆರಾವನ್ನು ಮಗುವಿನ ಹಾಗೆ ಹಿಡಿದು ನಿಂತೆ. ಮಾವ ಅಷ್ಟು ಹೊತ್ತು ತಮ್ಮ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಚೆನ್ನಾಗಿಯೇ ಬಂದಿವೆ, ಮನೆಯವರೆಲ್ಲ ಅವನ್ನೇ ಸ್ಟೇಟಸ್‌ಗೆ ಹಾಕಿದರು.

ಮರುದಿನದಿಂದ ಕಡಲಿಗೆ ಅರ್ಧ ಗಂಟೆ ಇರುವಾಗಲೇ ಎಸಿ ಬಂದ್, ಗ್ಲಾಸ್ ಇಳಿಸಿ, ಬ್ಯಾಗಿನ ಜಿಪ್ ತೆಗೆದಿಡುವುದು. ಘಟ್ಟದ ಮೇಲಿನಿಂದ ಬರುವ ಎಲ್ಲರಿಗೂ ಇದನ್ನು ಹೇಳುತ್ತೇನೆ. ಊರಿಗೆ ವಾಪಸು ಹೋದ ಮೇಲೆ ಲೆನ್ಸ್ ಮೇಲಿನ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮಳೆಗಾಲದಲ್ಲಂತೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯೇ ಗತಿ. ಮಡಿಕೇರಿಯ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟ ಲೆನ್ಸಿಗೆ ಬೂಷ್ಟು ಬರದೆ ಇರುವುದಿಲ್ಲ. ನನ್ನ ಹಳೇದೊಂದು ಹಾಗೇ ಹೋಯಿತು.

ಎರಡನೇ ದಿನ ಬೆಳಿಗ್ಗೆ ಮಟ್ಟು ಕಡೆ ಕೈರಂಪಣಿ ಎಳೆಯುತ್ತಿದ್ದರು. ದಡದಲ್ಲಿ ನಿಂತು ಎರಡೂ ಕಡೆಯಿಂದ ಹಗ್ಗ ಹಿಡಿದು ಬಲೆ ಎಳೆಯುವುದು. ನಾನು ದೂರದಿಂದ ಉದ್ದ ಲೆನ್ಸ್ ಹಾಕಿ ತೆಗೆಯೋಣ ಅಂತಿದ್ದೆ, ಕ್ಯಾಲಿಫೋರ್ನಿಯಾದಲ್ಲಿ ಸೀಲ್‌ಗಳನ್ನು ತೆಗೆಯುವ ಹಾಗೆ. ಈ ಹೋಲಿಕೆ ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ. ಮಾವ ಸೀದಾ ಹೋಗಿ ಅರ್ಧ ಕನ್ನಡ, ಅರ್ಧ ಹರಕು ತುಳುವಿನಲ್ಲಿ ಮಾತಿಗೆ ನಿಂತರು. ಹತ್ತು ನಿಮಿಷಕ್ಕೆ ನನ್ನನ್ನು ಕರೆದು, ಹಗ್ಗ ಹಿಡಿ ಅಂದರು. ಹಿಡಿದೆ. ಅಂಗೈ ಸುಲಿಯಿತು. ಬಲೆ ದಡಕ್ಕೆ ಬಂದಾಗ ಅವರಲ್ಲೊಬ್ಬರೇ "ಈಗ ತೆಗೀರಿ" ಅಂದರು. ಹದಿನಾಲ್ಕು ವರ್ಷದ ನನ್ನ ಬಿಗ್ ಸರ್ ಫೋಟೋಗಳಲ್ಲಿ ಒಬ್ಬ ಮನುಷ್ಯನ ಮುಖವೂ ಇಲ್ಲ. ಅಲ್ಲಿ ಯಾರೂ ಇರುವುದಿಲ್ಲ, ಇದ್ದರೂ ನನ್ನ ಹಾಗೆ ಟ್ರೈಪಾಡ್ ಹಿಡಿದವರು. ಎಲ್ಲರ ಫೋಟೋ ಒಂದೇ ಥರ.

ಹಾಗಂತ ಹಾಳೆ ಬೇಡ ಅನ್ನುವವನಲ್ಲ ನಾನು. ಉಬ್ಬರ ಇಳಿತದ ಹೊತ್ತು, ಸೂರ್ಯ ಮುಳುಗುವ ದಿಕ್ಕು ಇವನ್ನು ಹಾಳೆಯೇ ಹೇಳಬೇಕು. ಕಾಪುವಿನ 1901ರ ದೀಪಸ್ತಂಭವನ್ನು ಬಂಡೆಗಳ ಯಾವ ಬದಿಯಿಂದ ಹಿಡಿಯಬೇಕು ಅಂತ ಮಾವನ ಪುಸ್ತಕದಲ್ಲಿ ಬರೆದಿಲ್ಲ. ಡ್ರೋನ್ ಇದ್ದವರು ಕಾರವಾರದಲ್ಲಿ ಹಾರಿಸುವ ಯೋಚನೆಯನ್ನೇ ಬಿಡಬೇಕು, ನೌಕಾನೆಲೆ ಇರುವ ಜಾಗ. ಬೇಕಲ ಕೋಟೆಗೆ ಹೋಗುವವರು ಟ್ರೈಪಾಡಿಗೆ ಮೊದಲೇ ಅನುಮತಿ ಕೇಳಬೇಕು, ಅದು ಪುರಾತತ್ವ ಇಲಾಖೆಯದು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅಂತ ಬಾಗಿಲಲ್ಲಿ ಹೇಳಿ ನೋಡಬಹುದು, ಆದರೂ ಬಿಡುವುದಿಲ್ಲ.

ನನ್ನ ಹಾಳೆಯಲ್ಲಿ ಈಗ ಮೊದಲ ಕಾಲಮ್‌ನ ಹೆಸರು "ಮಾವ". ಸೂರ್ಯ ಎರಡನೆಯದು. ಗಾಡಿಯಲ್ಲಿ ಇನ್ನೂ ಒಣಮೀನಿನ ವಾಸನೆ ಇದೆಯಂತೆ, ನನ್ನ ಕ್ಯಾಮೆರಾ ಬ್ಯಾಗಿನಲ್ಲಂತೂ ಇದೆ.

ಮುಂದಿನ ಸಲ ಮಳೆಗಾಲದಲ್ಲೇ ಬರಬೇಕು ಅಂತ ಆಸೆ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ದೋಣಿಗಳೆಲ್ಲ ಒತ್ತೊತ್ತಾಗಿ ಕಟ್ಟಿರುತ್ತವೆ, ಹಿಂದೆ ಕಪ್ಪು ಆಕಾಶ, ಒಡೆದು ಬರುವ ಕಡಲು. ಟಿಕೆಟ್ ನೋಡುತ್ತಿದ್ದೇನೆ ಅಂತ ಮೊನ್ನೆ ಮಾವನಿಗೆ ಮೆಸೇಜ್ ಹಾಕಿದೆ. ಅಲ್ಲಿ ಬೆಳಿಗ್ಗೆ, ಡಬ್ಬಿ ನೋಡಿ ಬಂದು ಕೂತಿರಬೇಕು. ಉತ್ತರ ಕೂಡಲೇ ಬಂತು.

"ನಿನ್ನೆ 4 ಇಂಚು 35 ಸೆಂಟ್. ಸುಮ್ನೆ ಅಲ್ಲೇ ಇರು."