ಸತ್ಯಾಂಶ: ಬೇಸಿಗೆಯಲ್ಲಿ ಟ್ಯಾಂಕ್ ಭರ್ತಿ ಮಾಡಿಸಿದರೆ ಸ್ಫೋಟವಾಗುತ್ತದೆಯೇ?

ಬಿಸಿಲು ಹೆಚ್ಚಿರುವಾಗ ಕಾರಿನ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಪೆಟ್ರೋಲ್ ಹಿಗ್ಗಿ ಸ್ಫೋಟವಾಗುತ್ತದೆ, ಆದ್ದರಿಂದ ಅರ್ಧದಷ್ಟೇ ಹಾಕಿಸಿ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲೂ ಹರಿದಾಡುತ್ತದೆ. ಇದು ನಿಜವಲ್ಲ.

ಪೆಟ್ರೋಲ್ ಹಿಗ್ಗುವುದೇನೋ ಹೌದು; ಆದರೆ ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದಾಗ ಅದರ ಗಾತ್ರ ಹೆಚ್ಚುವುದು ಸುಮಾರು ಶೇ 0.1ರಷ್ಟು ಮಾತ್ರ. ನೆಲದಡಿಯ ತಂಪಾದ ತೊಟ್ಟಿಯಿಂದ ಬಂದ 40 ಲೀಟರ್ ಪೆಟ್ರೋಲ್ ಕಾರಿನೊಳಗೆ 20 ಡಿಗ್ರಿಯಷ್ಟು ಬಿಸಿಯೇರಿದರೂ ಹಿಗ್ಗುವುದು ಒಂದು ಲೀಟರಿಗಿಂತ ಕಡಿಮೆ, ಮತ್ತು ತಯಾರಕರು ಇದಕ್ಕೆಂದೇ ಟ್ಯಾಂಕಿನಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಮೇಲೇಳುವ ಆವಿಯನ್ನು ಇಂದಿನ ಕಾರುಗಳಲ್ಲಿ ಇದ್ದಿಲು ತುಂಬಿದ ಡಬ್ಬಿಯೊಂದು ಹೀರಿಟ್ಟುಕೊಂಡು, ಎಂಜಿನ್ ಓಡುವಾಗ ಉರಿಯಲು ಕಳುಹಿಸುತ್ತದೆ. ಇನ್ನು ಕಿಡಿಯಿಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬೇಕಾದರೆ 200 ಡಿಗ್ರಿಗೂ ಮೀರಿದ ಶಾಖ ಬೇಕು. ಎಂಥ ಉರಿಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಟ್ಯಾಂಕೂ ಅದರ ಹತ್ತಿರಕ್ಕೆ ಹೋಗದು.

ಹೇಳಬೇಕಿದ್ದ ಎಚ್ಚರಿಕೆಯೊಂದನ್ನು ಮಾತ್ರ ಈ ಸಂದೇಶ ಹೇಳುವುದೇ ಇಲ್ಲ. ಪಂಪಿನ ನಳಿಕೆ ‘ಟಕ್’ ಎಂದು ತಾನಾಗಿ ನಿಂತ ಮೇಲೂ ಬಾಯಿಯವರೆಗೆ ಸುರಿಸಿಕೊಂಡರೆ, ಹಿಗ್ಗಲೆಂದು ಬಿಟ್ಟ ಜಾಗವೂ ತುಂಬಿಹೋಗಿ ಪೆಟ್ರೋಲ್ ಆ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಹುದು. ಇದಕ್ಕೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ.