ಹಳದಿ ಪ್ಯಾಡ್ ಕೊಡಿ ಅಂದ್ರೆ ಯಾವ ಹಳದಿ ಕೊಡ್ತೀರಿ?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಕಾರ್ ಪಾಲಿಶ್ ಸಾಮಾನು, ಅಂದ್ರೆ ಮಷಿನ್, ಅದರ ಮುಖಕ್ಕೆ ಅಂಟಿಸಿ ಪೇಂಟ್ ಉಜ್ಜೋ ಫೋಮ್ ಪ್ಯಾಡ್, ಪಾಲಿಶ್ ಬಾಟಲಿ ತಗೊಳ್ಳೋಕೆ ಅಂಗಡಿಗೆ ಹೋಗಿ ನೋಡ್ರಿ. ಕೌಂಟರ್ ಹಿಂದೆ ಕೂತವರು ಕೇಳೋದು ಎರಡೇ: ಯಾವ ಕಲರ್ ಪ್ಯಾಡ್? ಎಷ್ಟು ವ್ಯಾಟಿನ ಮಷಿನ್? ಪ್ಯಾಡ್ ಅಂಟಿಸೋ ಬ್ಯಾಕಿಂಗ್ ಪ್ಲೇಟ್ ಎಷ್ಟು ಇಂಚು ಅಂತ ಕೇಳಲ್ಲ. ಮಷಿನ್ ಬರೀ ಸುತ್ತೋ ರೋಟರಿನಾ, ಸುತ್ತುತ್ತಾ ಓಲಾಡೋ ಡಿಎನಾ (ಡ್ಯುಯಲ್ ಆಕ್ಷನ್) ಅಂತ ಕೇಳಲ್ಲ. ಯಾವ ಕಾಂಪೌಂಡ್ (ಗೀರು ಉಜ್ಜಿ ತೆಗೆಯೋ ಪಾಲಿಶ್) ಜೊತೆ ಹಾಕ್ತೀರಿ ಅಂತ ಅಂತೂ ಕೇಳೋದೇ ಇಲ್ಲ. ದುಡ್ಡು ಎಣಿಸಿಕೊಂಡು, ಹೆಸರಿಲ್ಲದ ಮೂರು ಪ್ಯಾಡ್ ಪ್ಲಾಸ್ಟಿಕ್ ಕವರಿಗೆ ತುರುಕಿ ಕೊಟ್ಟು ಕಳಿಸ್ತಾರೆ. ಸಿಟ್ಟು ಬರದೆ ಇನ್ನೇನು ಬರುತ್ತೆ?

ಪ್ಯಾಡಿನ ಬಣ್ಣಕ್ಕೆ ಎಲ್ಲಾ ಕಂಪನಿಗೂ ಒಪ್ಪಿತವಾದ ಅರ್ಥ ಅಂತ ಒಂದಿಲ್ಲ. ರುಪೆಸ್ ಫೋಮ್ ಪ್ಯಾಡಿನಲ್ಲಿ ನೀಲಿ ಅತಿ ಒರಟು, ಹಸಿರು ಮಧ್ಯಮ, ಹಳದಿ ನಯ, ಬಿಳಿ ಎಲ್ಲಕ್ಕಿಂತ ನಯ. ಲೇಕ್ ಕಂಟ್ರಿಯ ಹಳೇ ಸಾಲಿಗೆ ಬಂದ್ರೆ ಹಳದಿಯೇ ಒರಟು, ಕಿತ್ತಳೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಬಿಳಿ ಪಾಲಿಶಿಂಗಿಗೆ, ಕಪ್ಪು ಫಿನಿಶಿಂಗಿಗೆ. ತ್ರೀಎಂನಲ್ಲಿ ನೀಲಿ ಅಂದ್ರೆ ಕೊನೇ ಹಂತದ ಮೆತ್ತನೆ ಪ್ಯಾಡ್. ಈಗ ಹೇಳಿ, ತ್ರೀಎಂ ಬಳಸಿ ಅಭ್ಯಾಸ ಇರೋ ಒಬ್ಬ ಹುಡುಗ ಫಿನಿಶಿಂಗಿಗೆ ಅಂತ ನೀಲಿ ಕೇಳಿದಾಗ ರುಪೆಸ್ ನಮೂನೆಯ ನೀಲಿ ಕೊಟ್ಟು ಕಳಿಸಿದ್ರೆ ಏನಾಗುತ್ತೆ? ಎರಡು ದಿನ ಕೂತು ತೆಗೆದ ಗೆರೆಗಳ ಜಾಗದಲ್ಲಿ ಮಂಜು ಕವಿದ ಹಾಗೆ ಹೊಸ ಗೀರು ಬಂದು ಕೂರುತ್ತೆ. ಆ ಹುಡುಗ ಪಾಲಿಶ್ ಸರಿ ಇಲ್ಲ ಅಂತ ಬಾಟಲಿಯನ್ನ ಬೈತಾನೆ, ಇನ್ನೊಂದು ಬ್ರ್ಯಾಂಡ್ ತರಿಸ್ತಾನೆ. ತಪ್ಪು ಬಾಟಲಿಯದ್ದಲ್ಲ. ಆದ್ರೆ ಇದನ್ನ ಅವನಿಗೆ ಹೇಳೋರು ಯಾರು?

ಹೆಸರಿಲ್ಲದ ಪ್ಯಾಡ್ ಕೈಗೆ ಬಂದ್ರೆ ಬಣ್ಣ ಮರೆತುಬಿಡಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಗೀರು ತೆಗೆಯೋ ಕಟ್ಟಿಂಗ್ ಫೋಮ್ ಬಿಗಿಯಾಗಿ ತಡೆದು ತಟ್ಟನೆ ಮೇಲೇಳುತ್ತೆ, ಫಿನಿಶಿಂಗ್ ಫೋಮ್ ಬೆರಳನ್ನ ಒಳಗೆ ಬಿಟ್ಟುಕೊಳ್ಳುತ್ತೆ. ಇದು ಅಂದಾಜು ಮಾತ್ರ, ಫೋಮಿನ ರಂಧ್ರ ಹೇಗಿದೆ ಅನ್ನೋದರ ಮೇಲೂ ಕಟ್ ನಿಂತಿರುತ್ತೆ. ಒತ್ತಿದಾಗ ಮೂರು ಬಣ್ಣದ ಮೂರು ಪ್ಯಾಡೂ ಒಂದೇ ತರ ಇದ್ರೆ ಅಲ್ಲೇ ವಾಪಸ್ ಕೊಡಿ. ಬಣ್ಣ ಬೇರೆ, ಫೋಮ್ ಒಂದೇ.

ಮಷಿನ್ ಕಥೆ ಇನ್ನೂ ಹೊಟ್ಟೆ ಉರಿಸುತ್ತೆ. ನಾಲ್ಕಿಂಚಿನ ಆಂಗಲ್ ಗ್ರೈಂಡರಿಗೆ ಅಡಾಪ್ಟರ್ ಹಾಕಿ, ಉಣ್ಣೆ ಪ್ಯಾಡ್ ಸಿಕ್ಕಿಸಿ "ಪಾಲಿಶರ್" ಅಂತ ಮಾರ್ತಾರೆ. ಆ ಗ್ರೈಂಡರ್ ತಿರುಗೋದು ನಿಮಿಷಕ್ಕೆ ಸುಮಾರು 11,000 ಸುತ್ತು. ರೋಟರಿ ಪಾಲಿಶರ್ ಕೆಲಸ ಮಾಡಬೇಕಾದ್ದು 600ರಿಂದ 2,000ದ ಒಳಗೆ. ಕಬ್ಬಿಣ ಕೊಯ್ಯೋ ವೇಗದಲ್ಲಿ ಪೇಂಟ್ ಉಜ್ಜೋದು ಪಾಲಿಶ್ ಆಗುತ್ತಾ? ಪೇಂಟಿನ ಮೇಲಿರೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ. ನೋಟ್‌ಬುಕ್ ಹಾಳೆಯ ಅರ್ಧದಷ್ಟು ದಪ್ಪ. ಬಿಸಿಲಿನ ನೇರಳಾತೀತ ಕಿರಣ ತಡೆಯೋದೂ ಅದೇ ಪದರ. ಒಮ್ಮೆ ಹೋದ್ರೆ ಪಾಲಿಶಿಂದ ವಾಪಸ್ ಬರಲ್ಲ, ಪೂರ್ತಿ ಪ್ಯಾನೆಲ್ ರೀಪೇಂಟ್ ಮಾಡಿಸಬೇಕು.

ಡಿಎ ಕೇಳಿದವರಿಗೆ ಆರ್‌ಪಿಎಂ ಲೆಕ್ಕ ತೋರಿಸಿ ಮರುಳು ಮಾಡೋದು ಇನ್ನೊಂದು. ಡಬ್ಬಿ ಮೇಲೆ ಬರೆದ ನಾಲ್ಕೈದು ಸಾವಿರ ಅನ್ನೋದು ಪ್ಯಾಡ್ ಓಲಾಡೋ ಲೆಕ್ಕ, ಒತ್ತಡ ಬಿದ್ದಾಗ ಪ್ಯಾಡ್ ನಿಜವಾಗಿ ತಿರುಗೋದು ಅದಕ್ಕಿಂತ ಎಷ್ಟೋ ಕಡಿಮೆ. ನೋಡಬೇಕಾದ್ದು ಥ್ರೋ, ಅಂದ್ರೆ ಆ ಓಲಾಟದ ಅಗಲ. 8 ಮಿಲಿಮೀಟರ್, 15, 21 ಅಂತ ಬರುತ್ತೆ. ನಮ್ಮ ರಸ್ತೆಗಳಲ್ಲಿ ಓಡೋ ಸಣ್ಣ ಹ್ಯಾಚ್‌ಬ್ಯಾಕ್, ಸೆಡಾನ್‌ಗಳಿಗೆ 15 ಧಾರಾಳವಾಯ್ತು. 21 ಚೆನ್ನಾಗಿ ಓಡೋದು ದೊಡ್ಡ ಎಸ್‌ಯುವಿಯ ಚಪ್ಪಟೆ ಬಾನೆಟ್, ಟಾಪ್ ಮೇಲೆ. ಬಂಪರಿನ ತಿರುವಿಗೆ, ಬಾಗಿಲ ಹಿಡಿಯ ಹತ್ತಿರ ಹೋದ್ರೆ ಅದು ಓಲಾಡುತ್ತೆ, ಆದ್ರೆ ತಿರುಗಲ್ಲ. ತಿರುಗದ ಪ್ಯಾಡ್ ಗೆರೆ ತೆಗೆಯಲ್ಲ, ಬರೀ ಬಿಸಿ ಮಾಡುತ್ತೆ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ಸುತ್ತೋದು ನಿಂತರೆ ಪ್ಯಾಡೂ ನಿಂತಿದೆ ಅಂತ ಲೆಕ್ಕ: ಒತ್ತಡ ಕಡಿಮೆ ಮಾಡಿ, ಪ್ಯಾಡ್ ಚಪ್ಪಟೆಯಾಗಿ ಹಿಡಿಯಿರಿ. ಇಷ್ಟು ಹೇಳೋಕೆ ಮಾರೋರಿಗೆ ಅರ್ಧ ನಿಮಿಷ ಸಾಕು, ಅದನ್ನೂ ಹೇಳಲ್ಲ.

ಅಳತೆ ತಪ್ಪಿಸಿ ಕೊಡೋದಂತೂ ಕ್ಷಮಿಸೋಕೇ ಆಗಲ್ಲ. 5 ಇಂಚಿನ ಪ್ಲೇಟಿಗೆ ಮುಖ ಐದೂವರೆಯಿಂದ 6 ಇಂಚು ಇರೋ ಪ್ಯಾಡ್ ಬೇಕು, 6 ಇಂಚಿನದಕ್ಕೆ ಆರೂವರೆಯಿಂದ 7. ರುಪೆಸ್‌ನವರು 130/150 ಅಂತ ಬರೆದಿರ್ತಾರೆ, ಹಿಂದಿನ ವೆಲ್ಕ್ರೊ 130 ಮಿಲಿಮೀಟರ್, ಮುಂದಿನ ಮುಖ 150. ಆ ಇಪ್ಪತ್ತು ಮಿಲಿಮೀಟರ್ ಸುಮ್ಮನೆ ಬಿಟ್ಟಿದ್ದಲ್ಲ. ಪ್ಲೇಟಿನ ಗಟ್ಟಿ ಅಂಚು ಪೇಂಟಿಗೆ ತಾಗಬಾರದು ಅಂತ. ಪ್ಲೇಟಿಗಿಂತ ಚಿಕ್ಕ ಪ್ಯಾಡ್ ಹಾಕಿದ್ರೆ, ಅಥವಾ ಪ್ಯಾಡ್ ಮಧ್ಯಕ್ಕೆ ಕೂರದೆ ಒಂದು ಕಡೆ ಜರುಗಿದ್ರೆ, ಮಷಿನ್ ಸ್ವಲ್ಪ ವಾಲಿದ ಕ್ಷಣಕ್ಕೇ ಅರ್ಧ ಚಂದ್ರದ ಹಾಗೆ ಗಾಯ ಬೀಳುತ್ತೆ. ಅದು ಕ್ಲಿಯರಿನಲ್ಲಿ ನಿಲ್ಲಲ್ಲ, ಒಳಗೆ ಇಳಿದಿರುತ್ತೆ.

ಬಾಟಲಿ ವಿಷಯಕ್ಕೆ ಬನ್ನಿ. ದೊಡ್ಡ ಕ್ಯಾನಿನಿಂದ 200 ಎಂಎಲ್ ಬಿಳಿ ಬಾಟಲಿಗೆ ಸುರಿದು, ಮೇಲೆ "ರಬ್ಬಿಂಗ್" ಅಂತ ಪೆನ್ನಲ್ಲಿ ಗೀಚಿ ಕೊಡ್ತಾರೆ. ಯಾವ ರಬ್ಬಿಂಗ್ ರೀ? ಮೆಂಜೆರ್ನಾದಲ್ಲಿ 400 ಅಂದ್ರೆ ಒರಟು, 2500 ಮಧ್ಯಮ, 3500 ನಯ. ಮೆಗ್ವಾಯರ್ಸ್‌ನಲ್ಲಿ ಎಂ105 ಕಟ್ಟಿಂಗ್, ಎಂ205 ಫಿನಿಶಿಂಗ್. ಕಾಖ್ ಕೆಮಿಯಲ್ಲಿ ಅಕ್ಷರವೇ ಗುರುತು: ಎಚ್ ಒರಟು, ಎಫ್ ನಯ, ಎಂ (ಮೈಕ್ರೊ) ಎಲ್ಲಕ್ಕಿಂತ ನಯ. ಒಂದು ಕಂಪನಿಯ ನಂಬರನ್ನ ಇನ್ನೊಂದರ ಪಕ್ಕ ಇಟ್ಟು ಹೋಲಿಸೋ ಹಾಗಿಲ್ಲ, ಅಂಥದ್ದರಲ್ಲಿ ನಂಬರೇ ಕಿತ್ತು ಹಾಕಿದ್ರೆ ಬಳಸೋನು ಕಣ್ಣು ಕಟ್ಟಿಕೊಂಡು ಕೆಲಸ ಮಾಡಬೇಕು. ಉಜ್ಜುವಾಗ ಒಡೆದು ಸಣ್ಣದಾಗೋ ಕಾಳಿನ ಕಾಂಪೌಂಡೂ ಇದೆ, ಕೊನೆವರೆಗೂ ಒಂದೇ ಗಾತ್ರ ಉಳಿಯೋ ಕಾಳಿನದೂ ಇದೆ. ಮೊದಲಿನದನ್ನ ಪೂರ್ತಿ ಒಡೆಯೋವರೆಗೂ ಓಡಿಸಬೇಕು, ಅರ್ಧಕ್ಕೆ ಒರೆಸಿದ್ರೆ ಗೀರು ಉಳಿಯುತ್ತೆ. ಲೇಬಲ್ ಇಲ್ಲದ ಬಾಟಲಿ ನೋಡಿ ಇದನ್ನ ಹೇಗೆ ತಿಳಿಯಬೇಕು?

ಬೆಳಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಪಿ.ಬಿ. ರೋಡಿನಲ್ಲಿ ನಿಂತ, ಹೊಸದಾಗಿ ಪಾಲಿಶ್ ಮಾಡಿಸಿದ ಕಪ್ಪು ಕಾರಿನ ಬಾನೆಟ್ ನೋಡಿ. ತಲೆ ಆ ಕಡೆ ಈ ಕಡೆ ಸರಿಸಿದ ಹಾಗೆ ಬೆಳಕಿನ ಪಟ್ಟಿಗಳು ಜೊತೆಗೇ ಸರೀತವೆ, ಮಷಿನ್ ಓಡಿದ ದಾರಿ ಉದ್ದಕ್ಕೂ ಕಾಣುತ್ತೆ. ಅದೇ ಹೋಲೋಗ್ರಾಮ್. ರೋಟರಿ, ಉಣ್ಣೆ ಪ್ಯಾಡಿನಲ್ಲಿ ಕಟ್ ಮಾಡಿ, ಡಿಎ ಮತ್ತು ಮೆತ್ತನೆ ಫೋಮಿನಿಂದ ಮುಗಿಸದೆ ಬಿಟ್ಟ ಕೆಲಸ. ಗಾಡಿ ಕೊಡುವಾಗ ಇದು ಕಾಣಲ್ಲ, ಯಾಕಂದ್ರೆ ಎಣ್ಣೆ ಅಂಶದ ಗ್ಲೇಜ್ ಸವರಿ ಗೀರು ತುಂಬಿಸಿರ್ತಾರೆ. ನಾಲ್ಕು ಸಲ ತೊಳೆದ ಮೇಲೆ ಎಲ್ಲಾ ವಾಪಸ್. ಹಣ ಕೊಡೋ ಮುಂಚೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಐದಾರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ ಬಾನೆಟಿನ ಒಂದು ಮೂಲೆ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಬೇಡ ಅಂತ ತಡೆಯೋರ ಹತ್ತಿರ ಕೆಲಸ ಕೊಡಬೇಡಿ.

ನಮ್ಮ ಕಡೆ ಬೋರ್ ನೀರು ಗಡಸು. ಬಿಸಿಲಿಗೆ ಒಣಗಿದ್ರೆ ಬಿಳಿ ಉಂಗುರ ಕಚ್ಚಿಕೊಳ್ಳುತ್ತೆ. ಅದು ಸುಣ್ಣದ ಅಂಶ, ಮೊದಲು ಆಮ್ಲದ ವಾಟರ್ ಸ್ಪಾಟ್ ರಿಮೂವರಿನಲ್ಲಿ ಕರಗಿಸಬೇಕು. ಪಾಲಿಶ್ ಮಾಡೋರು ನೇರ ಕಾಂಪೌಂಡ್ ಹಾಕಿ ತಿಕ್ತಾರೆ. ಕಬ್ಬಿಣದ ಗಣಿಗಳಿರೋ ಭೀಮಸಮುದ್ರದ ಕಡೆಯಿಂದ ಬಂದ ಗಾಡಿ ಮೇಲಿನ ಅದಿರಿನ ಕೆಂಪು ಧೂಳೂ ಅಷ್ಟೇ. ನೀರು ಹೊಡೆದು, ಶಾಂಪೂ ನೊರೆ ಬಿಟ್ಟು, ಕಬ್ಬಿಣದ ಕಣ ಕರಗಿಸೋ ಐರನ್ ರಿಮೂವರ್ ಹಾಕಿ, ಅಂಟಿದ ಕೊಳೆ ಎತ್ತೋ ಕ್ಲೇ (ಜೇಡಿಯಂಥ ಉಂಡೆ) ಎಳೆದ ಮೇಲೆ ಮಷಿನ್ ಮುಟ್ಟಬೇಕು. ಇಲ್ಲದಿದ್ರೆ ಆ ಧೂಳೇ ಪ್ಯಾಡಿನ ಕೆಳಗೆ ಸ್ಯಾಂಡ್‌ಪೇಪರ್.

ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ಅಂಗೈ ಇಟ್ಟುಕೊಳ್ಳೋಕಾಗದಷ್ಟು ಕಾದ ಬಾನೆಟ್ ಮೇಲೆ ಕೆಲಸ ಶುರು ಮಾಡ್ತಾರೆ. ಪಾಲಿಶ್ ಹರಡೋ ಮುಂಚೆಯೇ ಒಣಗಿ ಪುಡಿ ಹಾರುತ್ತೆ. ಆ ಬಿಸಿಗೆ ಉಜ್ಜೋ ಬಿಸಿಯೂ ಸೇರಿ ಪ್ಯಾಡಿನ ಹೊಟ್ಟೆ ಕರಗಿ, ನಡುವಿನ ಅಂಟು ಬಿಟ್ಟು, ವೆಲ್ಕ್ರೊ ಪ್ಲೇಟಿನಲ್ಲೇ ಉಳಿದು ಫೋಮ್ ಹಾರಿಹೋಗುತ್ತೆ. ಒಂದೂವರೆ ಅಡಿ ಚೌಕ ಜಾಗ, ನಾಲ್ಕೈದು ಬಟಾಣಿ ಗಾತ್ರದ ಹನಿ, ಅಡ್ಡ ಉದ್ದ ನಿಧಾನಕ್ಕೆ ನಾಲ್ಕರಿಂದ ಆರು ಸಲ, ಇಷ್ಟೇ ಬೇಕಾದ್ದು. ಪ್ರತಿ ಸುತ್ತಿಗೂ ಪ್ಯಾಡಿಗೆ ನೈಲಾನ್ ಬ್ರಷ್ ಆಡಿಸಿ, ಗಾಳಿ ಹೊಡೆಯಬೇಕು. ಮುಖದ ಮೇಲೆ ಕಟ್ಟೋ ಬೂದು ಹೊರೆ ಒಣಗಿದ ಕಾಂಪೌಂಡ್ ಮತ್ತು ಸವೆದ ಕ್ಲಿಯರ್, ಅದೇ ಮತ್ತೆ ಗೀರು ಹಾಕುತ್ತೆ. ಪ್ರತಿ ವಾಷಿಂಗ್ ಸೆಂಟರಿನಲ್ಲೂ ಕಂಪ್ರೆಸರ್ ಇದೆ, ಪ್ಯಾಡಿಗೆ ಗಾಳಿ ಹೊಡೆಯೋರು ಮಾತ್ರ ಇಲ್ಲ. ಒಂದೇ ಪ್ಯಾಡಿನಲ್ಲಿ ಬಾನೆಟಿನಿಂದ ಡಿಕ್ಕಿವರೆಗೂ ಮುಗಿಸ್ತಾರೆ.

ಇಷ್ಟೆಲ್ಲ ಹಾಳು ಮಾಡಿ, ಮೇಲೆ 9ಎಚ್ ಸೆರಾಮಿಕ್ ಕೋಟಿಂಗ್ ಹಾಕ್ತೀವಿ, ಕಲ್ಲಲ್ಲಿ ಗೀಚಿದ್ರೂ ಏನಾಗಲ್ಲ ಅಂತಾರೆ. 9ಎಚ್ ಪೆನ್ಸಿಲ್ ಗಡಸುತನದ ಅಳತೆ, ಕಲ್ಲಿನ ಗಡಸುತನ ಅಳೆಯೋ ಮೋಸ್ (Mohs) ಅಳತೆಯ 9 ಅಲ್ಲ. ಕೆಳಗಿರೋ ಹೋಲೋಗ್ರಾಮ್ ಕೋಟಿಂಗಿನ ಅಡಿ ಹಾಗೇ ಉಳಿಯುತ್ತೆ.

ಬಾನೆಟ್ ಅಂಚು, ಬಾಗಿಲ ಗೆರೆ, ಪಿಲ್ಲರ್ ತುದಿಗಳಲ್ಲಿ ಕ್ಲಿಯರ್ ಎಲ್ಲಕ್ಕಿಂತ ತೆಳ್ಳಗಿರುತ್ತೆ, ಅದಕ್ಕೇ ಟೇಪ್ ಹಚ್ಚಬೇಕು ಅನ್ನೋದು. ಹಚ್ಚಲ್ಲ. ಅಂಚು ಸುಟ್ಟು ಒಳಗಿನ ಬಣ್ಣ ಬಿಟ್ಟ ಮೇಲೆ "ಇದು ಮೊದಲೇ ಇತ್ತು ಸಾರ್" ಅಂತಾರೆ. ಕ್ಲಿಯರ್ ದಾಟಿದ್ರೆ ಕಾರಿನ ಬಣ್ಣ ಪ್ಯಾಡಿಗೆ ಹತ್ತಿರುತ್ತೆ, ಪ್ಯಾಡ್ ತೋರಿಸಿ ಅಂತ ಕೇಳಿ. ಇಡೀ ಕಾರಿಗೆ ಒಮ್ಮೆಯೂ ತೊಳೆಯದ ಆ ಪ್ಯಾಡನ್ನ ಆಗ ಮಾತ್ರ ತೊಳೆದಿಟ್ಟಿರ್ತಾರೆ.