ಕಾರಣ ಕೇಳಬಾರದ ನಗು

ಆಟದ ಬಯಲಿನಲ್ಲಿ ಮಕ್ಕಳು ಎಷ್ಟು ಜೋರಾಗಿ ನಕ್ಕರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ನಗು ತರಗತಿಯೊಳಗೆ, ಮೇಷ್ಟರು ಹಲಗೆಯ ಕಡೆ ತಿರುಗಿ ಲೆಕ್ಕ ಬರೆಯುತ್ತಿರುವಾಗ, ಮೂರನೆಯ ಬೆಂಚಿನ ಹುಡುಗಿಯೊಬ್ಬಳ ಮೂಗಿನಿಂದ ಪುಸಕ್ಕನೆ ಹೊರಬಿದ್ದರೆ ಅಪರಾಧವಾಗುತ್ತದೆ. ಅಪರಾಧವಾದ ಕ್ಷಣದಿಂದಲೇ ಅದಕ್ಕೆ ಎಲ್ಲಿಲ್ಲದ ಕಸುವು ಬರುತ್ತದೆ. ತಡೆಯಲು ಆಕೆ ಪಡುವ ಪಾಡನ್ನು ಹತ್ತಿರದಿಂದ ನೋಡಬೇಕು. ಮೊದಲು ಕೆಳತುಟಿ ಕಚ್ಚುತ್ತಾಳೆ, ಆಮೇಲೆ ತೊಡೆ ಚಿವುಟಿಕೊಳ್ಳುತ್ತಾಳೆ, ಮನೆಯಲ್ಲಿ ತಿಂದ ಪೆಟ್ಟುಗಳನ್ನು ನೆನೆದುಕೊಳ್ಳುತ್ತಾಳೆ, ಕೊನೆಗೆ ಬಿದ್ದೇ ಇಲ್ಲದ ಪೆನ್ಸಿಲನ್ನು ಹುಡುಕುವ ನೆಪದಲ್ಲಿ ಡೆಸ್ಕಿನ ಕೆಳಗೆ ತಲೆ ತೂರಿಸುತ್ತಾಳೆ. ಅಲ್ಲಿ ಅದೇ ಪೆನ್ಸಿಲನ್ನು ಹುಡುಕುತ್ತಿರುವ ಗೆಳತಿಯ ಮುಖ ಎದುರಾಗುತ್ತದೆ. ಅಲ್ಲಿಗೆ ಮುಗಿಯಿತು.

ನಮ್ಮ ಶಾಲೆಗಳ ಉದ್ದನೆಯ ಬೆಂಚುಗಳು ಈ ಸೋಂಕಿಗೆ ಹೇಳಿ ಮಾಡಿಸಿದಂತಿವೆ. ಐವರು ಒತ್ತಿಕೊಂಡು ಕೂತ ಬೆಂಚಿನ ಒಂದು ತುದಿಯಲ್ಲಿ ಭುಜ ಕುಲುಕಿದರೆ ಇನ್ನೊಂದು ತುದಿಯವನ ಅಕ್ಷರ ಗೆರೆ ಬಿಟ್ಟು ಓಡುತ್ತದೆ; ಸಂಗತಿ ಏನೆಂದು ಅವನಿಗೆ ಗೊತ್ತಿಲ್ಲ, ಆದರೂ ಅವನು ನಗುತ್ತಾನೆ. ಸಂಗತಿಯಾದರೂ ಎಂಥದ್ದು! ದನಿ ಒಡೆಯುತ್ತಿರುವ ಎಂಟನೆಯ ತರಗತಿಯ ಹುಡುಗನೊಬ್ಬ ಗದ್ಯಪಾಠವನ್ನು ಗಟ್ಟಿಯಾಗಿ ಓದುತ್ತ 'ಮಹಾರಾಜನು' ಎಂಬುದನ್ನು ಗಡಸಿನಲ್ಲಿ ತೊಡಗಿ ಕೀರಲಿನಲ್ಲಿ ಮುಗಿಸಿರಬಹುದು. ಹಾಜರಿ ಕರೆಯುವಾಗ, ಅಂದು ಬಾರದೇ ಇದ್ದವನ ಹೆಸರಿಗೆ ಎರಡು ಮೂಲೆಗಳಿಂದ ಒಟ್ಟಿಗೇ 'ಎಸ್ ಸಾರ್' ಬಂದಿರಬಹುದು. ಹೊರಗೆ ಹೋಗಿ ಹೇಳಿದರೆ ಯಾರ ತುಟಿಯೂ ಅಲುಗದು. ಆದ್ದರಿಂದ "ಏನದು ಕಿಸಿಕಿಸಿ? ನಮಗೂ ಹೇಳಿ, ನಾವೂ ನಗ್ತೀವಿ" ಎಂದು ಮೇಷ್ಟರು ಗದರಿದಾಗ ಬರುವ "ಏನಿಲ್ಲ ಸಾರ್" ಎಂಬ ಉತ್ತರವನ್ನು ಉದ್ಧಟತನವೆಂದು ತಿಳಿಯುವುದು ಅನ್ಯಾಯ. ಆ ದಿನ ಆ ಮಗು ಶಾಲೆಯಲ್ಲಿ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಇರಬೇಕು.

ಮಗುವಿನ ಪರವಾಗಿ ಸಾಕ್ಷಿ ನುಡಿಯಲು ವಿಜ್ಞಾನಿಯೊಬ್ಬರೂ ಇದ್ದಾರೆ. ಅಮೆರಿಕದ ರಾಬರ್ಟ್ ಪ್ರೊವೈನ್ ಅವರು ಜನ ಮಾತುಕತೆಯ ನಡುವೆ ತಾವಾಗಿ ನಕ್ಕ 1,200 ಸಂದರ್ಭಗಳನ್ನು ಶಿಷ್ಯರೊಡನೆ ಕಲೆಹಾಕಿ ನೋಡಿದಾಗ, ಬಹುಪಾಲು ನಗುವಿನ ಹಿಂದೆ ಹಾಸ್ಯವೆಂಬುದೇ ಇರಲಿಲ್ಲ; 'ಆಯ್ತು, ಮತ್ತೆ ಸಿಗೋಣ' ಎನ್ನುವಂಥ ಸಪ್ಪೆ ಮಾತುಗಳೇ ಇದ್ದವು. ಒಂಟಿಯಾಗಿರುವಾಗಿಗಿಂತ ಜೊತೆಯಲ್ಲಿರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂಬುದೂ ಅವರದೇ ಲೆಕ್ಕ. ನಕ್ಕವನನ್ನು ಹೊರಗೆ ನಿಲ್ಲಿಸುವ ಪದ್ಧತಿಯನ್ನು ತಂದವರಿಗೆ ಈ ಗುಟ್ಟು ಮೊದಲೇ ತಿಳಿದಿತ್ತೆಂದು ಕಾಣುತ್ತದೆ: ಜಗಲಿಯಲ್ಲಿ ಒಬ್ಬನೇ ನಿಂತ ಹುಡುಗನ ನಗು ಕ್ಷಣದಲ್ಲಿ ಆರುತ್ತದೆ. ಇಬ್ಬರನ್ನು ಒಟ್ಟಿಗೆ ಹೊರಗೆ ಕಳಿಸುವುದು ಮಾತ್ರ ಶಿಕ್ಷೆಯಲ್ಲ, ರಜೆ.

ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಹಲ್ಲು ಕಾಣದ ಸ್ಮಿತ ಉತ್ತಮರದು. ಐದನೆಯದಾದ ಅಪಹಸಿತವೆಂದರೆ ನಗಬಾರದ ಜಾಗದಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹೆಗಲೂ ತಲೆಯೂ ಅದುರುವಂತೆ ನಗುವುದು. ಅದಕ್ಕಿಂತ ಮುಂದಿನದು, ಪಕ್ಕೆಗಳನ್ನು ಕೈಯಿಂದ ಒತ್ತಿಕೊಂಡು ಗಟ್ಟಿಯಾಗಿ ನಗುವ ಅತಿಹಸಿತ. ಕೊನೆಯ ಎರಡನ್ನೂ ಆತ ಅಧಮರ ಪಾಲಿಗೆ ಹಾಕಿದ್ದಾನೆ. ಲಕ್ಷಣವನ್ನಂತೂ ಕಣ್ಣಾರೆ ಕಂಡವನಂತೆ ಬರೆದಿದ್ದಾನೆ, ಆದರೆ ದರ್ಜೆ ಕೊಡುವಾಗ ಅಂಕ ಕಳೆಯುವ ಮೇಷ್ಟರ ಬುದ್ಧಿಯನ್ನೇ ತೋರಿಸಿದ್ದಾನೆ ಎಂಬುದು ನನ್ನ ತಕರಾರು.

ಈ ನಗುವಿಗೆ ಮೌನದಷ್ಟು ಒಳ್ಳೆಯ ಗೊಬ್ಬರ ಬೇರೆ ಇಲ್ಲ. ಜನವರಿ 30ರಂದು ಬೆಳಗ್ಗೆ 11 ಗಂಟೆಗೆ ಹುತಾತ್ಮರಿಗಾಗಿ ಎರಡು ನಿಮಿಷ ಮೌನ ಆಚರಿಸುವಾಗ, ಗಾಂಧೀಜಿಯ ಬಗ್ಗೆ ನಿಜವಾದ ಗೌರವವುಳ್ಳ ಮಕ್ಕಳೇ ಸಾಲಿನಲ್ಲಿ ನಿಂತು ಉಸಿರು ಕಟ್ಟಿ ಕೆಂಪಾಗುವುದನ್ನು ನೋಡಿದ್ದೇನೆ. ಅವರು ಯಾರನ್ನೂ ಹೀಯಾಳಿಸುತ್ತಿರಲಿಲ್ಲ. ನಗಬಾರದು ಎಂಬುದೊಂದೇ ಅವರನ್ನು ನಗಿಸುತ್ತಿತ್ತು.

ಕಾಕತಾಳೀಯವೆಂದರೆ, ಶಾಲಾ ನಗುವಿನ ಅತಿ ದೊಡ್ಡ ಪ್ರಕರಣ ಆರಂಭವಾದದ್ದೂ ಒಂದು ಜನವರಿ 30ರಂದೇ. 1962ರಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ, ಪೂರ್ವ ಆಫ್ರಿಕಾದ ಟಾಂಗನ್ಯೀಕದ (ಇಂದಿನ ಟಾಂಜಾನಿಯದ) ಕಶಾಶ ಎಂಬ ಊರಿನ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಮೂವರಿಗೆ ಹಿಡಿದ ನಗು 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಅಂಟಿ, ಮಾರ್ಚ್ ತಿಂಗಳಲ್ಲಿ ಶಾಲೆಯನ್ನೇ ಮುಚ್ಚಬೇಕಾಯಿತು. ಊರಿಗೆ ಮರಳಿದ ಹುಡುಗಿಯರ ಜೊತೆಯಲ್ಲಿ ಅದು ಬೇರೆ ಹಳ್ಳಿಗಳಿಗೂ ಹೋಯಿತು. ಇದನ್ನು ಮೋಜಿನ ಕಥೆಯಾಗಿ ಹೇಳುವವರು ಅದರ ಅರ್ಧವನ್ನು ಬಿಟ್ಟುಬಿಡುತ್ತಾರೆ. ಆ ಮಕ್ಕಳು ನಗುವುದರ ಜೊತೆಗೆ ಅಳುತ್ತಲೂ ಇದ್ದರು, ಹಿಡಿದು ಕೂರಿಸಹೋದವರೊಡನೆ ಕೊಸರಾಡುತ್ತಿದ್ದರು. ದೇಹದಲ್ಲಿ ರೋಗವೇನೂ ಸಿಗದೆ, ಮನಸ್ಸಿನ ಒತ್ತಡವೇ ಹೀಗೆ ಹೊರಬಂದಿರಬೇಕೆಂದು ಬಲ್ಲವರು ಹೇಳಿದರು. ನಾನು ಮರೆಯಲಾರದ ವಿವರ ಇನ್ನೊಂದಿದೆ. ಆ ಶಾಲೆಯ ಶಿಕ್ಷಕರಲ್ಲಿ ಒಬ್ಬರಿಗೂ ಅದು ಅಂಟಲಿಲ್ಲ.

ನಮ್ಮ ಸಾಮಾನ್ಯ ಮುಸಿನಗು ಅಷ್ಟು ದೂರ ಹೋಗುವುದಿಲ್ಲ, ಮೇಷ್ಟರು ಅದನ್ನು ಅತಿಯಾಗಿ ಅದುಮದಿದ್ದರೆ. ನಮಗೆ ಭೂಗೋಳ ಕಲಿಸಿದವರೊಬ್ಬರು ಬೆತ್ತ ಹುಡುಕುವ ಬದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಎರಡು ನಿಮಿಷ ಕೊಟ್ಟಿದ್ದೇನೆ, ಎಲ್ಲರೂ ನಗಬೇಕು, ನಗದವರು ಎದ್ದು ನಿಲ್ಲಬೇಕು" ಎಂದರು. ಅರ್ಧ ನಿಮಿಷ ಆಗುವಷ್ಟರಲ್ಲಿ ತರಗತಿಗೆ ತರಗತಿಯೇ ಎದ್ದು ನಿಂತಿತ್ತು, ಮತ್ತು ಉಳಿದ ಒಂದೂವರೆ ನಿಮಿಷದಲ್ಲಿ ಅವರು ಮುಂಗಾರು ಮಾರುತಗಳನ್ನು ಪಶ್ಚಿಮಘಟ್ಟದವರೆಗೆ ತಂದು ಮುಟ್ಟಿಸಿದರು.